ಬಾಲದ ಲೆಕ್ಕ

ಮಾಂಡವಿಯ ಅಳಿವೆಯಲ್ಲಿ ಹಡಗು ನಿಂತಾಗ
ಮೊದಲು ಇಳಿದದ್ದು ಕುದುರೆಯಲ್ಲ, ಗೋಣಿ.
ಗೋವೆಯ ಕಟ್ಟೆಯ ಮೇಲೆ ಬಿಚ್ಚಿ ಸುರಿದರು:
ಉಪ್ಪು, ಉಪ್ಪಿನೊಳಗೆ ಬಾಲ.
ಕಪ್ಪು, ಕೆಂಚು, ಹಾಲುಬಿಳಿ,
ಜೇನಿನ ಬಣ್ಣದ್ದು ಒಂದು.
ಸುಂಕದ ಪರಂಗಿ ಮೂಗಿಗೆ ಬಟ್ಟೆ ಒತ್ತಿ
ಆಚೆ ಹೋಗಿ ನಿಂತ.

ನಾನು ಚೆನ್ನರಸ, ಕರಣಿಕ.
ಘಟ್ಟ ಇಳಿದು ಬಂದು, ಒಣಮೀನಿಗೆ ಮೂಗು ಒಗ್ಗಿಸಿ
ಎರಡು ಮಳೆಗಾಲ ಕಳೆದವನು.
ಬದುಕಿದ್ದನ್ನು ಎಣಿಸುವುದು, ಸತ್ತದ್ದನ್ನೂ ಎಣಿಸುವುದು,
ಇಷ್ಟೇ ಕೆಲಸ.
ಯುದ್ಧ ಬಂತೆಂದರೆ ಅರಮನೆಗೆ ಕುದುರೆಯ ಹಸಿವು.
ವರ್ತಕ ಹೆದರಬಾರದು, ಹಡಗು ನಿಲ್ಲಬಾರದು,
ಅದಕ್ಕೇ ಈ ಕಟ್ಟಳೆ:
ಕಡಲಲ್ಲಿ ಸತ್ತರೆ ಬಾಲ ತಾ,
ಪೂರಾ ಬೆಲೆ ತಗೋ.

ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು ಅಂತ
ಅವ್ವ ಆಡಿಕೊಳ್ಳುತ್ತಿದ್ದಳು.
ಅವ್ವಾ, ಇಲ್ಲಿ ನೋಡು,
ಸತ್ತ ಕುದುರೆಯ ಕೆಚ್ಚಲಲ್ಲಿ
ಮುನ್ನೂರು ವರಹ.

ಕಡತದ ಕರಿಬಟ್ಟೆಯ ಮೇಲೆ ಬಳಪ ಜಾರುತ್ತದೆ,
ಕಡಲ ತೇವಕ್ಕೆ ಅಂಕಿ ನಿಲ್ಲುವುದಿಲ್ಲ.
ಹುರ್ಮುಜಿನ ಲಾಯದಾಳು ಯಾಕೂಬ
ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು
ಒಂದೊಂದನ್ನೂ ಮೂಸುತ್ತಾನೆ.
ನಾನು ಏಳು ಅಂದರೆ ಅವನೊಂದು ಹೆಸರು ಹೇಳುತ್ತಾನೆ.
ಎಂಟು ಅಂದರೆ,
'ಇದು ನೀರು ಮುಟ್ಟಲಿಲ್ಲ, ತಾಯಿ ಮೊದಲೇ ಹೋಗಿತ್ತು.'
ಒಂಬತ್ತು ಅಂದೆ. ಸುಮ್ಮನಾದ.

ಒಂಬತ್ತನೆಯದನ್ನು ಗಾಳಿಯೆದ್ದ ರಾತ್ರಿ
ಹಡಗು ಹಗುರಾಗಲೆಂದು ತಳ್ಳಿದರಂತೆ,
ಜೀವಂತ.
ಬಾಲ ಮೊದಲೇ ಕೊಯ್ದಿಟ್ಟುಕೊಂಡು.
'ಈಜಿತು ಸ್ವಾಮಿ,' ಅಂದ,
'ನಮ್ಮ ಹಿಂದೆ ಹಿಂದೆಯೇ. ಬೆಳಕು ಹರಿಯುವ ತನಕ
ಕಿವಿ ಕಾಣುತ್ತಿತ್ತು.'

ಕಡತದಲ್ಲಿ ಬದುಕಿಗೊಂದು ಮಗ್ಗುಲು,
ಸಾವಿಗೊಂದು ಮಗ್ಗುಲು.
ಈಜುತ್ತಿರುವುದನ್ನು ಎಲ್ಲಿ ಬರೆಯಲಿ?

ಹದಿನಾಲ್ಕನೆಯದು ಎತ್ತಿನ ಬಾಲ.
ಮದರಂಗಿ ಮೆತ್ತಿ, ಬೇರೆ ಕೂದಲು ಹೆಣೆದು
ಅಂದವಾಗಿಯೇ ಮಾಡಿದ್ದರು.
ಎತ್ತಿ ಹಿಡಿದೆ. ಕುದುರೆಚೆಟ್ಟಿ ಹಲ್ಲು ಕಿರಿದ,
ನಾನೂ ಕಿರಿದೆ, ಯಾಕೂಬನೂ ನಕ್ಕುಬಿಟ್ಟ.
ಆ ದಿನ ನಾವು ನಕ್ಕದ್ದು ಅದೊಂದಕ್ಕೇ.

ನಿನ್ನೆ ಪಾಳೆಯದಿಂದ ಓಲೆ ಬಂದಿತ್ತು.
ಎರಡು ಹೊಳೆಗಳ ನಡುವಿನ ಬಯಲಲ್ಲಿ
ಕುದುರೆ ಬಿದ್ದದ್ದು ನೂರ ಹನ್ನೆರಡು,
ಆನೆ ಮೂರು,
ಹುಲ್ಲಾಳುಗಳು ಕೆಲವರು.

ಕೆಲವರು ಅಂದರೆ ಎಷ್ಟು?
ಎಣಿಸಿ ಉಣ್ಣುವವನು ನಾನು,
ಈ ಅಂಕಿ ಯಾವ ಮಗ್ಗಿಯಲ್ಲೂ ಬರಲಿಲ್ಲ.
ನನ್ನ ತಮ್ಮ ಸಂಕಣ ಹುಲ್ಲಾಳು.
ಕುದುರೆಗೆ ಮುಂಚೆ ತಾನು ಉಂಡವನಲ್ಲ.
ಅವನಿಗೆ ಬಾಲವಿರಲಿಲ್ಲ,
ಜುಟ್ಟಿತ್ತು.
ಅವ್ವ ಹರಳೆಣ್ಣೆ ತೀಡಿ ಬಿಗಿದು ಕಟ್ಟುತ್ತಿದ್ದಳು,
ನೆತ್ತಿಯ ಎಡಕ್ಕೊಂದು ಸುಳಿ.
ಸುಳಿ ನೋಡಿ ಕುದುರೆ ಕೊಳ್ಳುವ ಜನ
ಅವನ ಸುಳಿ ನೋಡದೆಯೇ ಕರೆದೊಯ್ದರು.
ಯಾರಾದರೂ ಅದನ್ನು ಕೊಯ್ದು, ಉಪ್ಪಿನಲ್ಲಿಟ್ಟು
ಕಳಿಸಿದ್ದರೆ,
ಮೂಸಿ ಹೇಳುತ್ತಿದ್ದೆ.

ಹೊತ್ತು ವಾಲಿದ ಮೇಲೆ ಬದುಕಿದ್ದವು ಇಳಿದವು,
ಹೊಟ್ಟೆಗೆ ಪಟ್ಟಿ ಬಿಗಿಸಿಕೊಂಡು, ಗಾಳಿಯಲ್ಲಿ ತೂಗುತ್ತ,
ನೆಲವೇ ಅಲೆಯೆಂಬಂತೆ ಕಾಲಿಡುತ್ತ.
ಒಂದು ಹೆಣ್ಣುಕುದುರೆ ನೆಟ್ಟಗೆ ಬಂದು
ಬಾಲಗಳ ರಾಶಿಗೆ ಮೂತಿಯಿಟ್ಟು
ಜೇನುಬಣ್ಣದ್ದರ ಬಳಿ ನಿಂತುಬಿಟ್ಟಿತು.
ಯಾಕೂಬ ಕರೆದ. ಅಲುಗಲಿಲ್ಲ.
ಚೆಟ್ಟಿ ಬಾರುಕೋಲು ತೆಗೆದ,
'ಬರೆಯಿರಿ ಸ್ವಾಮಿ, ಮೋಡ ಬಂತು.'

ಬರೆದೆ. ಬದುಕಿದ್ದು ಮೂವತ್ತೊಂದು.
ಸತ್ತದ್ದು ಹದಿಮೂರು, ಎತ್ತು ಬಿಟ್ಟು.
ಆಮೇಲೆ ಹೆಬ್ಬೆರಳು ನೆನೆಸಿ
ಒಂಬತ್ತನೆಯ ಸಾಲನ್ನು ಒರೆಸಿದೆ.
ಅರಮನೆ ಕೇಳಿದರೆ
ಕಡಲ ತೇವ ಅನ್ನುತ್ತೇನೆ.