ಯಾವಾಗ ಹೊಕ್ಕೀರಿ?

ಬೆಟಗೇರಿಯೊಳಗ ಮಗ್ಗದ ಸಪ್ಪಳ ನಿಂತ ರಾತ್ರಿ
ನಮ್ಮ ಹುಡುಗೂರಿಗೆ ನಿದ್ದಿ ಹತ್ತೂದಿಲ್ಲ.
ಅವತ್ತೂ ಕರೆಂಟ್ ಇರಲಿಲ್ಲ.
ಕತ್ತಲದಾಗ ಒಂದು ದೊಡ್ಡ ಪೆಟ್ಟಿಗಿ
ಗಾಲಿ ಮುರಕೊಂಡು, ಫರಸಿ ಕೆರಕೊಂತ ಬಂತು.
ಅದರ ಹಿಂದ ಆಕಿ.

ಹೆಸರು ಮಾರ್ಗಿಟ್. ದೇಶ ಎಸ್ಟೋನಿಯಾ.
ಗೋಡಿ ಮ್ಯಾಲಿನ ಹಳೇ ನಕಾಶದಾಗ ಹುಡುಕಿದ್ವಿ,
ಆ ಜಾಗಾದಾಗ ಬರೇ ರಷ್ಯಾ ಇತ್ತು.
ಮೂರನೇ ದಿನಕ್ಕ ಹುಡುಗೂರು
ಆಕೀನ್ನ ಮಾರ್ಗವ್ವ ಮಾಡಿದ್ವು.

ಬೆರಳಾಗ ಉಂಗುರ ಇರಲಿಲ್ಲ,
ಉಂಗುರದ ಜಾಗಾ ಇತ್ತು.
ಬಿಸಲಿಗೆ ಕೆಂಪಾದ ಕೈಯೊಳಗ
ಒಂದ ಎಳಿ ಬೆಳ್ಳಗ.
ನಾ ಅಡಿಗಿಯಾಕಿ. ಮಾರಿಗಿಂತ ಮೊದಲು ಕೈ ನೋಡತೀನಿ.

ಬಂದವರ ಹೆಸರು ನಮ್ಮ ಹುಡುಗೂರು ಕೇಳೂದಿಲ್ಲ.
ಕೇಳೂದು ಒಂದ: ಯಾವಾಗ ಹೊಕ್ಕೀರಿ?
ಮುಂದಿನ ಹಲ್ಲು ಬಿದ್ದ ಫಕ್ಕೀರೇಶ ಸೈತ.
ಎಷ್ಟು ದಿನ ಅಂತ ಗೊತ್ತಾದ್ರ
ಅಷ್ಟಕ್ಕಷ್ಟ ಹಚ್ಚಿಕೋತಾವು,
ರೇಶನ್ ಅಂಗಡಿಯೊಳಗ ಎಣ್ಣಿ ಅಳದಂಗ.

ಮಾರ್ಗವ್ವ ತಿಳಕೊಂಡದ್ದ ಬ್ಯಾರೆ.
ಈ ಕಡೆ ನಮಸ್ಕಾರಕ್ಕ ಹಿಂಗ ಅಂತಾರ ಅಂತ.
ಬರಕೊಂಡ್ಳು, ಬಾಯಿಪಾಠ ಮಾಡಿದ್ಳು,
ಎರಡೂ ಕೈ ಜೋಡಿಸಿ ಕಂಡವರಿಗೆಲ್ಲಾ ಅಂದ್ಳು:
ಹಾಲಿನ ಈರಣ್ಣಗ,
ನಳದ ನೀರು ಬಿಡಾಂವಗ,
ಕಾರಿನಾಗ ದಾನಾ ಕೊಡಾಕ ಬಂದ
ಶೇಂಗಾ ದಲಾಲರ ಹೆಂಡ್ತಿಗೆ.
ಆ ಬಾಯಾರು ಪೇಢೆದ ಡಬ್ಬಿ ಹಂಗ ಹಿಡಕೊಂಡು ಎದ್ದ್ರು.
ಹಾಸಿಗಿ ಹಿಡದಿದ್ದ ಸಾಹೇಬರ ತಾಯಿಗೂ ಅಂದ್ಳು:
ಯಾವಾಗ ಹೊಕ್ಕೀರಿ?
ಮುದುಕಿ ಆರು ತಿಂಗಳಾದ ಮ್ಯಾಲ ನಕ್ಕಿತು.
"ನಳ ಬಂದ ದಿನಾ ಹೊಕ್ಕೀನವ್ವಾ,
ಮನಿ ತೊಳಿಯಾಕ ನೀರು ಬೇಕಲ್ಲ."

ಯಾರೂ ತಿದ್ದಲಿಲ್ಲ.
ನಗಾಕ ನಮಗೂ ಏನರ ಬೇಕಿತ್ತು.

ಕೆಲಸ ಅಷ್ಟಕ್ಕಷ್ಟ. ತಲಿ ಹಿಕ್ಕಿದ್ರ
ಹೇನು ಸಾಯತಾವಂತ ಆಕಿಗೇ ಕೆಟ್ಟ ಅನಸತಿತ್ತು.
ಒಂದು ರಾತ್ರಿ ಉಗ್ರಾಣದಾಗ
ಜ್ವಾಳದ ಚೀಲದ ಸಂದ್ಯಾಗ ಕುಂತು ಬಿಕ್ಕತಿದ್ಳು.
ಏನಾತು ಅನ್ನಾಕ ನನಗ ಆಕಿ ಭಾಷಾ ಬರೂದಿಲ್ಲ.
ಎರಡು ಕಿಲೋ ಉಳ್ಳಾಗಡ್ಡಿ ಕೊಟ್ಟೆ, ಈಳಿಗಿ ಕೊಟ್ಟೆ.
ಎಲ್ಲಾ ಹೆಚ್ಚಿದ್ಳು.
ಮರುದಿನ ಪಲ್ಯಾ ಭಾಳ ಛಲೋ ಆಗಿತ್ತು ಅಂದ್ರು ಹುಡುಗೂರು.

ಅದರ ಮರುದಿನನ ಇರಬೇಕು,
ಒಲಿ ಮುಂದ ಬಂದು ಕುಂತು, ಕೈ ಮುಗದು,
ಅಡಿಗಿಯಾಕಿಗೂ 'ರಿ' ಹಚ್ಚಿ ಕೇಳಿದ್ಳು:
ಮಂಗಳಾ, ಯಾವಾಗ ಹೊಕ್ಕೀರಿ?

ದಿನಾ ಅಂತಿದ್ಳು. ಅವತ್ತ ಕಿವಿಗೆ ಬಿತ್ತು.

ಮಂಗಳವಾರ ಬಸ್‌ಸ್ಟ್ಯಾಂಡಿನಾಗ ಸಿಕ್ಕಾಕಿ ಅಂತ ಮಂಗಳಾ.
ಇಪ್ಪತ್ತೊಂಬತ್ತು ವರ್ಷ.
ಇದನ್ನ ನನಗ ಯಾರೂ ಕೇಳಿರಲಿಲ್ಲ.
ಬಂದವರಿಗೆ ಕೇಳೂ ಮಾತಿದು,
ನಾ ಬಂದಾಕಿ ಅಲ್ಲ, ಇದ್ದಾಕಿ.
ಬಡಿಯೂ ಕೈ ನಿಂತಿತು.
ಹಂಚಿನ ಮ್ಯಾಲಿಂದು ಹೊತ್ತಿ ಕರ್ರಗಾತು.

ಎಂಬತ್ತೆಂಟನೇ ದಿನ ಗದಗ ಸ್ಟೇಶನ್ನಿಗೆ
ಎಲ್ಲಾರೂ ಹೋದ್ವಿ, ಫಕ್ಕೀರೇಶ ಒಬ್ಬಾಂವ ಬರಲಿಲ್ಲ.
ಅವನ ಲೆಕ್ಕ ಮುಗದಿತ್ತು.
ಕಿಡಕಿಯೊಳಗಿಂದ ಮಾರ್ಗವ್ವ ಕೈ ಮುಗದ್ಳು,
ಅದ ಮಾತು.
"ನಾವು ಹೋಗೂದಿಲ್ರೀ!" ಒದರಿದ್ವು ಹುಡುಗೂರು, ನಕ್ಕೋತ.
ಕೈ ನೋಡಿದೆ. ಬಿಳಿ ಎಳಿ
ಉಳಿದ ಚರ್ಮದ ಜೋಡಿ ಕೂಡಿ ಹೋಗಿತ್ತು.
ಆ ಮಾತಿನ ಅರ್ಥ ಆಕಿಗೆ ಗೊತ್ತಾಗಿತ್ತೋ ಇಲ್ಲೋ
ನನಗ ಇವತ್ತಿಗೂ ಗೊತ್ತಿಲ್ಲ.

ಹ್ವಾದ ಐತವಾರ ಟಿಕೀಟಿನ ಕಿಡಕಿ ಮುಂದ ನಿಂತೆ.
"ಎಲ್ಲಿಗ್ರೀ?"
ಅದನ್ನ ವಿಚಾರ ಮಾಡಿರಲಿಲ್ಲ.
ಹಿಂದ ಪಾಳಿ ಇತ್ತು, ಬೋರ್ಡ್ ಮ್ಯಾಲ ಕಂಡದ್ದ ಅಂದೆ:
ಅಣ್ಣಿಗೇರಿ.
ಇಳದೆ. ಒಂದು ಚಾ ಕುಡದೆ.
ನನಗ ಗುರ್ತಿಲ್ಲದ ಮಂದಿ
ನನ್ನ ಗುರ್ತಿಲ್ಲದನ ಹಾದು ಹೋದ್ರು,
ಅದೊಂಥರಾ ಹಗುರ ಅನಸ್ತು.
ತಿರುಗಿ ಬರೂ ಗಾಡಿ ಎರಡು ತಾಸು ತಡಾ.

ಬಾಗಲಾಗ ಫಕ್ಕೀರೇಶ ನಿಂತಿದ್ದ,
ಮೈ ತುಂಬ ಹಿಟ್ಟು,
ಕೈಯಾಗ ಅರ್ಧಾ ಬೆಂದ, ಅರ್ಧಾ ಹರದ ಒಂದು ರೊಟ್ಟಿ.
ಸಿಟ್ಟೀಲೆ ಕೇಳಿದ:
ಯಾವಾಗ ಬಂದಿ?

ಈಗ ಅಂದೆ.
ಮಕ್ಕಳು ಇನ್ನೂ ಉಂಡಿರಲಿಲ್ಲ.