ಹೆಸರು ತಿಳಿದುಬಂದಿಲ್ಲ

ಫೋಟೋಗಳ ಕೆಳಗೆ ಅಂಟಿಸುವ ಚೀಟಿ ಬರೆಯುವುದು ನನ್ನ ಕೆಲಸ.
ಆರು ಇಂಚು ಅಗಲ, ನಾಲ್ಕು ಇಂಚು ಎತ್ತರ,
ಮೂರು ಸಾಲು ಮೀರುವಂತಿಲ್ಲ.
ಸ್ಥಳ, ಇಸವಿ, ಸಂದರ್ಭ.
ಕಾರವಾರದ ಸಿಟ್ಟು ನೂರು ವರ್ಷದ್ದು,
ಗೋಡೆ ಇರುವುದು ನಲವತ್ತು ಅಡಿ.

ಮೊದಲನೆಯದು ಉಪ್ಪಿನ ಫೋಟೋ.
ಟೋಪಿಯವರು ಮಡಕೆಯ ಸುತ್ತ ಬಗ್ಗಿದ್ದಾರೆ.
ಬಿಳಿಯಾಗಿ ಕಾಣುವುದರಲ್ಲಿ ಎಷ್ಟು ಉಪ್ಪು,
ಎಷ್ಟು ಬೂಷ್ಟು, ಹೇಳುವುದು ಕಷ್ಟ.
ಇಲ್ಲಿಯ ಗಾಳಿ ಕಿಟಕಿಯ ಸರಳನ್ನೇ ತಿನ್ನುತ್ತದೆ,
ಸತ್ಯಾಗ್ರಹಿಗಳನ್ನು ಬಿಟ್ಟೀತೆ?

ಹದಿನೇಳನೆಯದರ ಕೆಳಗೆ ಬರೆದಿದ್ದೆ:
ಭೂಸ್ವಾಧೀನ ವಿರೋಧಿಸಿ ಕಲೆಕ್ಟರ್ ಕಚೇರಿಗೆ ಮೆರವಣಿಗೆ.
ಮೀನುಗಾರ ಮಹಿಳೆಯರು.
ಹೆಸರು ತಿಳಿದುಬಂದಿಲ್ಲ.

ಉದ್ಘಾಟನೆಗೆ ಎರಡು ದಿನ ಇರುವಾಗ,
ಮೊಳೆ ಹೊಡೆಯುವ ಸದ್ದು ಕೇಳಿಯೋ ಏನೋ,
ಶೇವಂತಿ ಹರಿಕಂತ್ರ ಒಳಗೆ ಬಂದಳು.
ಬುಟ್ಟಿ ಬಾಗಿಲಲ್ಲೇ ಇಡು ಎಂದ ಕಾವಲಿನವ.
ಇಟ್ಟಳು.
ವಾಸನೆ ಮಾತ್ರ ಟಿಕೆಟ್ಟಿಲ್ಲದೆ ಜೊತೆಗೆ ಬಂತು.

ಉಪ್ಪಿನವರ ಕಡೆ ಕಣ್ಣು ಹಾಯಿಸಲಿಲ್ಲ.
ನೇರ ಹದಿನೇಳನೆಯದರ ಮುಂದೆ ನಿಂತು
ಗಾಜಿಗೆ ಬೆರಳೊತ್ತಿದಳು.
ಮುಟ್ಟಬಾರದು ಅನ್ನುವಷ್ಟರಲ್ಲಿ
ತಾರ್ಲೆಯ ಹುರುಪೆಯೊಂದು ಅಲ್ಲಿ ಕೂತಾಗಿತ್ತು.

'ಇದೆಂತ ಬರ್ದದ್ದು, ಓದು ತಮಾ.'
ಓದಿದೆ.
'ತಿಳೀಲಿಲ್ಲ ಅಂದ್ರೆ? ಕೇಳಿದ್ಯಾರು?'

ಯಾರೂ ಕೇಳಿರಲಿಲ್ಲ.
ಮುಚ್ಚಿಹೋದ ಸ್ಟುಡಿಯೋದ ಬಿಸ್ಕತ್ತಿನ ಡಬ್ಬಿಯಲ್ಲಿ
ನೆಗೆಟಿವ್ ಸಿಕ್ಕಿತ್ತು. ಡಬ್ಬಿಗೆ ಬಾಯಿಲ್ಲ.
ರಸ್ತೆ ದಾಟಿದರೆ ಮೀನುಪೇಟೆ.
ನಮಗೆ ದಾಟಲು ತೋಚಲಿಲ್ಲ.

'ಕೈ ಎತ್ತಿದ್ದು ಸಾತು. ಘೋಷಣೆಗಲ್ಲ, ಬಿಸಿಲಿಗೆ.
ಕಣ್ಣು ಬಂದಿತ್ತು ಅವಳಿಗೆ.
ಕೂಗಿದ್ದೆಲ್ಲ ಇವಳು, ಪಾಸ್ಕೀನಾ, ಅದೂ ಕೊಂಕಣಿಯಲ್ಲಿ.
ಸಾಯೇಬನಿಗೆ ತಿಳಿಯೋ ಭಾಷೆಯಲ್ಲಿ ಬೈಲಿಕ್ಕೆ
ನಮಗ್ಯಾರಿಗೂ ಬರ್ತಿರ್ಲಿಲ್ಲ.
ಬಾಯಿಗೆ ಸೆರಗಿಟ್ಟವಳು ನಾನು.'

ಅಳುತ್ತಿದ್ದಿರಾ, ಎಂದೆ.

'ನಗು ತಡೀಲಿಕ್ಕಾಗ್ಲಿಲ್ಲ ಮಾರಾಯಾ.
ಈ ಲಾಠಿ ಹಿಡಿದ ಪೊಲೀಸ ಇದಾನಲ್ಲ, ನನ್ನ ಗಿರಾಕಿ.
ಹಿಂದಿನ ದಿನ ಹತ್ತು ನೊಗಲಿ ಕಡ ಒಯ್ದಿದ್ದ.
ನನ್ನ ಕಂಡದ್ದೇ ಲಾಠಿ ಬೆನ್ನಿಗೆ ಅಡಗಿಸ್ತಿದ್ದ.'

ನೋಡಿದೆ. ಹೌದು.
ಎಷ್ಟೋ ಸಲ ಸ್ಕ್ಯಾನ್ ಮಾಡಿದ್ದೇನೆ, ಗೀರು ತಿದ್ದಿದ್ದೇನೆ,
ಆ ಕೈ ಮುಂದಕ್ಕೆ ಬರುತ್ತಿದೆ ಎಂದೇ ತಿಳಿದಿದ್ದೆ.
ಪುಸ್ತಿಕೆಯ ಮುಖಪುಟಕ್ಕೆ ಅದನ್ನು ಆರಿಸಿದ್ದೂ
ಅದಕ್ಕೇ.

ಹಾಗಾದರೆ ಹೊಡೆಯಲಿಲ್ಲ?
'ಹೊಡೆದ್ರು. ಇವನಲ್ಲ, ಘಟ್ಟದ ಮೇಲಿಂದ ತಂದವರು.
ಫೋಟೋದವ ಅಷ್ಟೊತ್ತಿಗೆ ಓಡಿದ್ದ.'
ಗಾಯ ತೋರಿಸಲಿಲ್ಲ.
ಬಾಗಿಲಿಂದ ಇಲ್ಲಿಯವರೆಗೆ ನಡೆದು ಬಂದಿದ್ದಳಲ್ಲ,
ಎಡಗಾಲು ಒಂದು ಹೆಜ್ಜೆ ತಡವಾಗಿ.

ಆಮೇಲೆ ಬೆರಳು ಚೌಕಟ್ಟು ದಾಟಿತು.
ಸುಣ್ಣದ ಗೋಡೆಯ ಮೇಲೆ ಒಂದು ಗೇಣು ಸರಿದು
'ಇಲ್ಲಿ ಕುಪ್ಪಿ ಕೂತಿದ್ಲು, ಮಗೂಗೆ ಹಾಲು ಕುಡಿಸ್ತಾ.
ಇಲ್ಲಿ ನಮ್ಮೆಲ್ಲರ ಮೆಟ್ಟಿನ ರಾಶಿ.
ಡಾಂಬರು ಸುಡ್ತಿತ್ತು, ಆದ್ರೂ ಬಿಚ್ಚಿಟ್ಟಿದ್ದು,
ಕಚೇರಿ ಅಂದ್ರೆ ದೇವಸ್ಥಾನ ಅಂದ್ಕಂಡಿದ್ವು.'
ಇನ್ನೂ ಸರಿಯಿತು, ಗೋಡೆಯ ತುದಿಯವರೆಗೆ.
'ಇಲ್ಲಿ ಊರು.'
ಅಲ್ಲಿ ಕಿಟಕಿ ಇತ್ತು. ಕಿಟಕಿಯಲ್ಲಿ ಏಸಿ ಕೂರಿಸಿದ್ದರು.

ಚೀಟಿ ಕಿತ್ತೆ. ಹೊಸದರಲ್ಲಿ ಬರೆಯತೊಡಗಿದೆ.
ಸಾತು, ಪಾಸ್ಕೀನಾ, ಬುದ್ಯಂತಿ, ಹಿರಿ ಗಣಪಿ, ಕಿರಿ ಗಣಪಿ.
ಐದಕ್ಕೇ ಮೂರು ಸಾಲು ಮುಗಿಯಿತು,
ಅವಳದ್ದು ಇನ್ನೂ ಬಂದಿರಲಿಲ್ಲ.
'ಪೊಲೀಸನದ್ದೂ ಬರಿ,' ಅಂದಳು,
'ನೊಗಲಿ ದುಡ್ಡು ಇನ್ನೂ ಕೊಟ್ಟಿಲ್ಲ.'
ಹೆಸರೇನು?
ತುಸು ಯೋಚಿಸಿದಳು.
'ಗೊತ್ತಿಲ್ಲ. ನಾನೂ ಕೇಳ್ಲಿಲ್ಲ ನೋಡು.'

ಬುಟ್ಟಿ ಹೊತ್ತು ಹೋದಳು.

ನಾಳೆ ಸುಣ್ಣ ಬಳಿಯುವವ ಬರುತ್ತಾನೆ.
ಚೌಕಟ್ಟಿನಿಂದ ಒಂದು ಗೇಣು ಆಚೆ
ಪೆನ್ಸಿಲ್ಲಿನಲ್ಲಿ ಕುಪ್ಪಿ ಎಂದು ಬರೆದಿದೆ,
ಅಷ್ಟು ಜಾಗ ಬಿಟ್ಟು ಬಳಿ ಎನ್ನಬೇಕು.