ಯಾರ ಲೆಕ್ಕ?

ರಾತ್ರಿ ಎರಡು ಹತ್ತಕ್ಕೆ ಕೋಡ್ ಮತ್ತೆ ಬಿತ್ತು.
ಬೈಕಂಪಾಡಿಯ ಗೇರುಬೀಜದ ಕಂಪೆನಿ,
ಹದಿನೇಳು ಕಂಟೇನರಿನ ಬಿಲ್ಲು
ಬ್ಯಾಂಕಿನ ಬಾಗಿಲವರೆಗೆ ಹೋಗಿ ವಾಪಸು.
ಕಾರಣ ಒಂದೇ ಸಾಲು: ಬಳಕೆದಾರರು ಹಾಜರಿಲ್ಲ.

ಹೇಗೆ ಇರುತ್ತಾರೆ? ಮೆಟಿಲ್ಡಾ ಬಾಯಿ ಈಗ
ಕುಲಶೇಖರದಲ್ಲಿ ಫ್ಯಾನಿನಡಿ ನಿದ್ದೆಯಲ್ಲಿ.
ಅವರ ಹೆಸರು ಹೇಳಿಕೊಂಡು
ನಾನು ಬರೆದದ್ದೊಂದು ಕತ್ತಲಲ್ಲಿ ಹೊರಟಿದೆ.

ತಾರಾನಾಥರು ಹಗಲೇ ಹೇಳಿದ್ದರು:
"ಅವರ ಪಾಸ್‌ವರ್ಡನ್ನೇ ಒಂದು ಟೇಬಲಲ್ಲಿ ಇಟ್ಟುಬಿಡಿ ಮಾರಾಯ್ರೆ,
ಯಾರು ನೋಡ್ಲಿಕ್ಕುಂಟು?"

ನನಗೆ ಎಂಟು ವರ್ಷ. ಪೂವಕ್ಕನ ಬೀಡಿ
ಬ್ರಾಂಚಿಗೆ ಮುಟ್ಟಿಸುವುದು ನನ್ನ ಕೆಲಸ.
ಅವಳಿಗೆ ಆನೆಕಾಲು, ಗುಡ್ಡೆ ಇಳಿಯಲಿಕ್ಕಾಗದು.
ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಅವಳ ಪುಸ್ತಕ,
ಬೇಸಗೆಯಲ್ಲೂ ಪ್ಲಾಸ್ಟಿಕ್ಕಿನೊಳಗೆ.
ಸುಂದರಣ್ಣ ತಲೆ ಎತ್ತದೆ ಕೇಳುತ್ತಿದ್ದ:
"ಯಾರ ಲೆಕ್ಕ?"
"ಪೂವಕ್ಕನದ್ದು."
ಮೂವತ್ತು ಕಟ್ಟು ಎಣಿಸಿ, ಚಾಟು ಬದಿಗೆ ಬಿಸಾಡಿ,
ಎಲೆ ತೂಗಿ, ತಂಬಾಕು ತೂಗಿ ಕೊಡುತ್ತಿದ್ದ.
ನನ್ನ ಹೆಸರು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.
ನಾನು ಗುಡ್ಡೆ ಇಳಿದು ಬಂದ ಪೂವಕ್ಕನ ಕೈ,
ಎಲೆಯಷ್ಟು, ತಂಬಾಕಿನಷ್ಟು ಉದ್ದದ ಕೈ.

ಶನಿವಾರದ ಮಜೂರಿಗೆ ಆ ಕೈ ಸಾಲದು.
ಅವಳೇ ಬರಬೇಕು, ರಿಕ್ಷಾ ಮಾಡಿಯಾದರೂ.
ಉಳಿದವರದ್ದೆಲ್ಲ ನೀಲಿ ಹೆಬ್ಬೆಟ್ಟು,
ಅವಳದ್ದು ಮಾತ್ರ ಸಹಿ: ಸಾಕ್ಷರತೆಯವರು ಕಲಿಸಿದ
ಪೂ, ವ, ಆಮೇಲೆ ಉಸಿರು ಹಿಡಿದು ಒತ್ತಿದ ಕ್ಕ.

ಒಂದು ವಾರ ಜ್ವರ. ನಾನು ಬರೆದೆ, ಅವಳು ಸಹಿ ಹಾಕಿದಳು:
ಈ ಹುಡುಗಿಯ ಹತ್ತಿರ ಕೊಡಿ. ಈ ಶನಿವಾರದ್ದು ಮಾತ್ರ.
ಅರವತ್ತೆರಡು ರೂಪಾಯಿ, ಮುಷ್ಟಿ ಬಿಡಿಸದೆ ತಂದುಕೊಟ್ಟೆ.

ಮುಂದಿನ ಶನಿವಾರದ ಚೀಟಿ
ಪೂರ್ತಿ ನನ್ನದೇ.
ಕ್ಕ ಕೂಡ ಅವಳಿಗಿಂತ ಚೆಂದ ಬಂದಿತ್ತು.
ಸುಂದರಣ್ಣ ನೋಡಿದ, ಕೊಟ್ಟ.
ಐಸ್‌ಕ್ಯಾಂಡಿಗೆ ಹೋದದ್ದು ಎರಡೇ ರೂಪಾಯಿ.

ಪೂವಕ್ಕ ಚಿಲ್ಲರೆ ಎರಡು ಸಲ ಎಣಿಸಿದಳು.
ಏನೂ ಕೇಳಲಿಲ್ಲ. ಕೆಂಪಾದ ನನ್ನ ನಾಲಿಗೆಯನ್ನೂ ಕೇಳಲಿಲ್ಲ.
ಮರುದಿನದಿಂದ ಬುಟ್ಟಿ ಅವಳೇ ಹೊತ್ತಳು,
ಆ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸಿ ಇಳಿಸಿ.

ಒಂಬತ್ತು ಇಪ್ಪತ್ತಕ್ಕೆ ಮೆಟಿಲ್ಡಾ ಬಾಯಿ ಬರುತ್ತಾರೆ,
ಬುತ್ತಿಯಲ್ಲಿ ಬಂಗುಡೆ, ಕೊರಳಲ್ಲಿ ಕನ್ನಡಕದ ದಾರ.
ಪರದೆ ಕೇಳುತ್ತದೆ, ಒಪ್ಪಿಗೆಯೇ?
"ಇದನ್ನು ಒತ್ತಿದರೆ ನನ್ನ ಪಿ.ಎಫ್. ಹೋಗ್ಲಿಕ್ಕಿಲ್ಲ ಅಲ್ವಾ?"
ಒಂದೊಂದು ಸಾಲನ್ನೂ ಓದಿ ಹೇಳುತ್ತೇನೆ.
ಬಿಲ್ಲು ಕಳಿಸಬಹುದು. ನಿಮ್ಮ ಅಂಚೆ ತೆರೆಯುವ ಹಾಗಿಲ್ಲ.
ಹಣ ಮುಟ್ಟುವ ಹಾಗಿಲ್ಲ. ಒಂದು ಗಂಟೆ, ಮತ್ತೆ ಸಾಯುತ್ತದೆ.
"ಪಾಪ," ಎಂದು ಒತ್ತುತ್ತಾರೆ.

ಬಂದ ಟೋಕನ್ ಯಾರೂ ಓದಲಾಗದ ಉದ್ದನೆಯ ಸಾಲು,
ನಡುವೆ ಎರಡು ಚುಕ್ಕಿ,
ಒಳಗೆಲ್ಲೋ ಮಡಚಿಟ್ಟ ಅವರ ಹೆಸರು.
ಅದನ್ನು ಎಲ್ಲೂ ಬರೆದಿಡಬೇಡ ಎಂದು
ಕೋಡಿಗೆ ಇನ್ನೊಮ್ಮೆ ಹೇಳಿ ಮುಚ್ಚುತ್ತೇನೆ.

ರಾತ್ರಿಯ ಬಿಲ್ಲು ಇನ್ನು ಮೇಲೆ ಬೆಳಿಗ್ಗೆ ಹೋಗುತ್ತದೆ,
ಅವರು ಬಂದ ಮೇಲೆ, ಎಂದು
ತಾರಾನಾಥರಿಗೆ ಬರೆದೆ.
ಉತ್ತರಕ್ಕೆ ಬಂದದ್ದು ಒಂದು ಹಳದಿ ಹೆಬ್ಬೆಟ್ಟು.
ಒಪ್ಪಿದ್ದೋ, ಮುನಿದದ್ದೋ,
ಹೆಬ್ಬೆಟ್ಟು ನೋಡಿ ಹೇಳುವುದು ಕಷ್ಟ.